ಕೊತ್ತಂಬರಿ ಸೊಪ್ಪಿನ ಶಾಸನ

ನಮ್ಮೂರ ಸರ್ಕಾರಿ ಶಾಲೆಯ ಹಿಂದೆ ಒಂದು ವೀರಗಲ್ಲು ನಿಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದವನೊಬ್ಬ ಐದಾರು ಜನರನ್ನು ಒಬ್ಬನೇ ಎದುರಿಸುತ್ತಿದ್ದಾನೆ, ಪಕ್ಕದಲ್ಲಿ ನಾಲ್ಕು ದನಗಳಿವೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ಊರಿನ ತುರುಗಳನ್ನು ಬಿಡಿಸಲು ಹೋಗಿ ಸತ್ತವನು. ಶತಮಾನಗಳಿಂದ ಕೆಲಸವಿಲ್ಲದೆ ನಿಂತಿದ್ದ ಈ ವೀರನಿಗೆ ಹೋದ ಜೂನ್‌ನಲ್ಲಿ ಕೆಲಸ ಸಿಕ್ಕಿತು. ಸ್ಮಾರ್ಟ್ ಕ್ಲಾಸಿಗೆ ಎಳೆದ ಇಂಟರ್ನೆಟ್ ಕೇಬಲ್ ಜೋಲುತ್ತಿತ್ತು. ಅವನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಬಿಗಿದು ಕಟ್ಟಿದರು. ಮಕ್ಕಳ ಇತಿಹಾಸ ಪಾಠದಲ್ಲಿ ಅವನ ಪಾತ್ರ ಅಷ್ಟಕ್ಕೇ ಮುಗಿಯಿತು.

ಆಗಸ್ಟ್ ಹೊತ್ತಿಗೆ ಸಂಪರ್ಕವೂ ಕಡಿದುಹೋಯಿತು. ವೀರನ ಕೈಯಲ್ಲಿ ಬಿಲ್ಲಿದೆ, ಶಾಲೆಯ ಬಿಲ್ಲನ್ನು ಕಟ್ಟುವವರಿಲ್ಲ.

ಹಾಗೆಂದು ಪಾಠ ನಿಲ್ಲಿಸುವಂತಿಲ್ಲ. ವಾರಕ್ಕೆ ಇಷ್ಟು ನಿಮಿಷ ವಿಡಿಯೊ ತೋರಿಸಿದ್ದೇವೆಂದು ನಮೂನೆ ತುಂಬಬೇಕು, ಮಕ್ಕಳು ನೋಡುತ್ತಿರುವ ಫೋಟೊ ತೆಗೆದು ಕಳುಹಿಸಬೇಕು. ಮಕ್ಕಳಿಗೆ ತಿಳಿಯಿತೇ ಎಂದು ಕೇಳುವ ಅಂಕಣ ಆ ನಮೂನೆಯಲ್ಲಿ ಇಲ್ಲ. ಆದ್ದರಿಂದ ಮೇಷ್ಟ್ರು ತಮ್ಮದೇ ಮೊಬೈಲಿನ ದಿನದ ಒಂದೂವರೆ ಜಿಬಿಯನ್ನು ವಿಜಯನಗರಕ್ಕೆ ಧಾರೆಯೆರೆಯುತ್ತಾರೆ. ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯನಾದ ತಪ್ಪಿಗೆ ನಾನೂ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಿದ್ದೆ.

ಅಂದಿನ ಪಾಠ ತಾಳಿಕೋಟೆ ಕದನ. ಯಂತ್ರದ ದನಿಯೊಂದು 1565ನ್ನು "ಒಂದು, ಐದು, ಆರು, ಐದು" ಎಂದು ಓದಿತು. ಬರೆದುಕೊಳ್ಳುತ್ತಿದ್ದ ಹುಡುಗನೊಬ್ಬ ತಲೆಯೆತ್ತಿ, "ಸರ್, ಇನ್ನೂ ಆರು ಅಂಕಿ ಬರಬೇಕು" ಎಂದ.

ಪರದೆಯ ಮೇಲೆ ಕೃಷ್ಣದೇವರಾಯ ಆನೆ ಏರಿ ರಣರಂಗಕ್ಕೆ ಬಂದ. 1529ರಲ್ಲಿ ತೀರಿಕೊಂಡವನು 36 ವರ್ಷದ ನಂತರ ಯುದ್ಧಕ್ಕೆ ಹೊರಟಿದ್ದನ್ನು ಕಂಡು ನಾನು ರೋಮಾಂಚಿತನಾದೆ. ಅವನ ಅಳಿಯ ರಾಮರಾಯ ನಿಜವಾಗಿ ಆ ಕದನಕ್ಕೆ ಹೋಗುವಾಗ ಹಣ್ಣುಹಣ್ಣು ಮುದುಕ. ವಿಡಿಯೊದಲ್ಲಿ ಈಗಷ್ಟೇ ಜಿಮ್ಮಿನಿಂದ ಇಳಿದು ಬಂದವನಂತಿದ್ದ. ಕೃತಕ ಬುದ್ಧಿಮತ್ತೆ ಬರೆದ ಕುದುರೆಗಳಲ್ಲಿ ಒಂದಕ್ಕೆ ಐದು ಕಾಲು. ವಿಜಯನಗರದ ಅಶ್ವಬಲದ ಬಗ್ಗೆ ವಿದೇಶಿ ಪ್ರವಾಸಿಗರು ಹೊಗಳಿ ಬರೆದಿದ್ದಾರೆ ನಿಜ, ಆದರೆ ಕಾಲಿನ ಲೆಕ್ಕವನ್ನು ಅವರೂ ಕೊಟ್ಟಿರಲಿಲ್ಲ. ರಾಮರಾಯ ಸೆರೆ ಸಿಕ್ಕು, ಕತ್ತಿ ಮೇಲೆದ್ದು, ಇನ್ನೇನು ತಲೆ ಉರುಳಬೇಕು ಎನ್ನುವಷ್ಟರಲ್ಲಿ ಐದು ನಿಮಿಷದಲ್ಲಿ ಸಾಲ ಕೊಡುವವರು ನಗುನಗುತ್ತಾ ಬಂದರು. ಸಾಲ ಮುಗಿಯುವಷ್ಟರಲ್ಲಿ ಸಾಮ್ರಾಜ್ಯ ಮುಗಿದಿತ್ತು. ಗಂಟೆ ಬಾರಿಸಲು ಹೊತ್ತಾಯಿತೆಂದು ಮೇಷ್ಟ್ರು ವೇಗವನ್ನು ಎರಡು ಪಟ್ಟು ಮಾಡಿದ್ದರು. ಹಂಪಿ ಹಾಳಾಗಲು ನಲವತ್ತು ಸೆಕೆಂಡ್ ಸಾಕಾಯಿತು.

ಮುಂದಿನ ವಿಡಿಯೊ ತಾನಾಗಿಯೇ ಬಂತು: ಹಂಪಿಯ ನೆಲದಡಿಯ ವಜ್ರದ ನಿಧಿ, ಕೆಂಪು ಬಾಣದ ಗುರುತಿನ ಸಮೇತ. ಅಲ್ಲಿಯವರೆಗೆ ತೂಕಡಿಸುತ್ತಿದ್ದ ಇಬ್ಬರು ಎಚ್ಚರಗೊಂಡು ಕಿಟಕಿಯಿಂದ ವೀರಗಲ್ಲಿನ ಬುಡವನ್ನು ದಿಟ್ಟಿಸತೊಡಗಿದರು. ಅವರು ಆ ಕಲ್ಲನ್ನು ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ.

ಹಿಂದೆ ಬಿ.ಎಲ್. ರೈಸ್ ಎಂಬವರು ಮೈಸೂರು ಸಂಸ್ಥಾನದ ಶಾಲೆಗಳ ತನಿಖೆಗೆಂದು ಊರೂರು ಸುತ್ತುತ್ತಿದ್ದರು. ದಾರಿಯಲ್ಲಿ ಕಣ್ಣಿಗೆ ಬಿದ್ದ ಕಲ್ಲುಗಳ ಗೀಳು ಹತ್ತಿ, ಮುಂದೆ ಶಾಸನಗಳನ್ನು ಸಾವಿರಗಟ್ಟಲೆ ಓದಿಸಿ 1886ರಿಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಶಾಲೆ ನೋಡಲು ಬಂದವರು ಕಲ್ಲು ನೋಡಿದ ಕಾಲ ಅದು. ಈಗ ಬರುವವರು ಪರದೆಯ ಇಂಚು ಅಳೆದು, ಕಾಫಿ ಕುಡಿದು, ಕೇಬಲ್ ಎಡವದಂತೆ ದಾಟಿ ಹೋಗುತ್ತಾರೆ.

ವಿಡಿಯೊದ ಮೇಲೆ ನನಗೆ ಹಗೆಯಿಲ್ಲ. ಡ್ರೋನ್ ಕಣ್ಣಿನಲ್ಲಿ ತುಂಗಭದ್ರೆಯನ್ನು ಕಂಡಾಗ ನಾನೂ ಬಾಯಿ ತೆರೆದಿದ್ದೇನೆ. ಇದೇ ಮೇಷ್ಟ್ರು ಕರೆಂಟು ಹೋದ ದಿನ ಸೀಮೆಸುಣ್ಣದಲ್ಲಿ ಕೃಷ್ಣಾ ನದಿಯ ಗೆರೆ ಎಳೆದು, ಈ ದಡದಲ್ಲಿ ಇವರು, ಆ ದಡದಲ್ಲಿ ಅವರು ಎಂದು ಶುರು ಮಾಡಿದರೆ ಹುಡುಗರು ಊಟದ ಗಂಟೆಯನ್ನೂ ಕೇಳಿಸಿಕೊಳ್ಳುವುದಿಲ್ಲ. ಆ ಪಾಠದ ಫೋಟೊಗೆ ನಮೂನೆಯಲ್ಲಿ ಜಾಗವಿಲ್ಲ, ಏನು ಮಾಡುವುದು.

ಅಂದು ನಿಜವಾದ ಇತಿಹಾಸ ಪಾಠ ನಡೆದದ್ದು ನಿಧಿಯ ವಿಡಿಯೊದ ನಡುವೆ. ಮೇಷ್ಟ್ರ ಮೊಬೈಲೇ ಪರದೆಯ ಮೇಲೆ ಮೂಡುತ್ತಿದ್ದುದರಿಂದ ಅವರಿಗೆ ಬಂದ ಸಂದೇಶವೂ ಮೂಡಿತು. 'ಗೃಹಮಂತ್ರಿ' ಎಂಬ ಹೆಸರಿನಡಿ ಎರಡು ಸಾಲು: "ಬರುವಾಗ ಕೊತ್ತಂಬರಿ ಸೊಪ್ಪು ಮರೆಯಬೇಡಿ. ನಿನ್ನೆಯ ಹಾಗೆ ಮೆಂತ್ಯ ತರಬೇಡಿ."

ತರಗತಿ ನಿಶ್ಶಬ್ದವಾಯಿತು. ನಲವತ್ತು ಮಕ್ಕಳು ಒಂದು ಲಿಖಿತ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮೇಷ್ಟ್ರು ಗಾಬರಿಯಿಂದ ಗುಂಡಿ ಒತ್ತುತ್ತಿರುವಾಗ ಚರ್ಚೆ ಶುರುವಾಗಿತ್ತು.

"ಗೃಹಮಂತ್ರಿಗಳು ನಮ್ಮ ಸರ್ ಹತ್ತಿರ ಸೊಪ್ಪು ತರಿಸುತ್ತಾರಾ?" ಎಂದನೊಬ್ಬ.

"ಅದು ಹೆಸರಲ್ಲ, ಬಿರುದು. ಮೂರುರಾಯರ ಗಂಡ ಇದ್ದ ಹಾಗೆ" ಎಂದಳು ಎರಡು ಜಡೆಯ ಹುಡುಗಿ.

"ನಿನ್ನೆ ಸಂತೆ. ಸೊಪ್ಪು ಅಲ್ಲಿಯದೇ ಇರಬೇಕು."

"ಮರೆಯಬೇಡಿ ಅಂದರೆ ಹಿಂದೆಯೂ ಮರೆತಿದ್ದಾರೆ."

"ಮರೆತಿಲ್ಲ. ಮೆಂತ್ಯ ತಂದಿದ್ದಾರಲ್ಲ? ಅವರಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ."

ಬರೆಸಿದವರು ಯಾರು, ಯಾರಿಗೆ, ಯಾವ ದಿನ, ಏಕೆ, ಹೇಳದೆ ಬಿಟ್ಟದ್ದೇನು – ಶಾಸನತಜ್ಞರು ಕಲ್ಲಿನ ಮುಂದೆ ಕುಳಿತು ಕೇಳುವ ಪ್ರಶ್ನೆಗಳೆಲ್ಲ ನಾಲ್ಕು ನಿಮಿಷದಲ್ಲಿ ಮುಗಿದವು. ಆಮೇಲೆ ಮೇಷ್ಟ್ರು ಬೆವರು ಒರೆಸಿಕೊಂಡು ಮಕ್ಕಳನ್ನು ಪರದೆಯ ಕಡೆ ತಿರುಗಿಸಿ ಫೋಟೊ ತೆಗೆದರು. ನಮೂನೆಯಲ್ಲಿ 'ತಾಳಿಕೋಟೆ ಕದನ, ವೀಕ್ಷಣೆ ತೃಪ್ತಿಕರ' ಎಂದು ಬರೆಯಲಾಯಿತು.

ಮರುದಿನ ಹಾಜರಿಗೆ ಮೊದಲೇ ಎರಡು ಜಡೆಯ ಹುಡುಗಿ ಎದ್ದು ನಿಂತು, "ಸರ್, ಕೊತ್ತಂಬರಿ ತಂದಿರಾ?" ಎಂದು ಕೇಳಿದಳಂತೆ. ತಂದೆ ಎಂದು ಮೇಷ್ಟ್ರು ಗಟ್ಟಿಯಾಗಿ ಹೇಳಿದರಂತೆ. ಮಧ್ಯಾಹ್ನ ಅವರು ಬುತ್ತಿ ಬಿಚ್ಚುವಾಗ ಕಿಟಕಿಯ ಬಳಿ ಏಳೆಂಟು ತಲೆಗಳು ಸೇರಿದ್ದವು. ಒಳಗಿದ್ದದ್ದು ಮೆಂತ್ಯದ ಪಲ್ಯ.