ಬರೀ ಕಟ್ಟಿಗೆ ಅಂತೀರಾ?

ಬೆಳಿಗ್ಗೆಯಿಂದ ಮನಸ್ಸು ಸರಿ ಇಲ್ಲ. ನಮ್ಮ ಹಿಂದಿನ ಓಣಿಯ ಹುಣಸೆ ಮರ ಕಡಿದರು. ಜಾಗ ಅವರದು, ಮನೆ ಕಟ್ಟಬೇಕು, ಪರವಾನಗಿಯೂ ಇತ್ತು. ಕಡಿದದ್ದಕ್ಕೆ ನನ್ನ ತಕರಾರಿಲ್ಲ. ಸಿಟ್ಟು ಬಂದದ್ದು ಆಮೇಲೆ.

ಆಳೆತ್ತರದಲ್ಲಿ ಆ ಮರ ಎರಡಾಗಿ ಕವಲೊಡೆದಿತ್ತು. ಅದರಲ್ಲೊಂದು ಮರದ ಬೋಗುಣಿ ಕಾಣುತ್ತಿತ್ತು ನನಗೆ, ನಾಲ್ಕು ವರ್ಷದಿಂದ ಹೋಗುವಾಗ ಬರುವಾಗ ಆ ಕವಲನ್ನೇ ನೋಡುತ್ತಿದ್ದೆ. ಕವಲಿನಲ್ಲಿ ಎರಡೂ ಕೊಂಬೆಗಳ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಎರಡೂ ಕೊಂಬೆಗಳ ತಿರುಳಿನ ಗುಂಟ ಹಾಯುವ ಹಾಗೆ ಉದ್ದಕ್ಕೆ ಸೀಳಿದರೆ ಗರಿ ಬಿಚ್ಚಿಟ್ಟಂಥ ಚಿತ್ತಾರ ಕಾಣುತ್ತದೆ. ಅದೂ ಹುಣಸೆ. ಹೊರಗೆ ತಿಳಿ ಹಳದಿ, ನಡುವೆ ಕೆಂಗಂದು ಬಣ್ಣದ ಕೆಚ್ಚು. ಖಟಕರು ಮಾಂಸ ಕಡಿಯಲು ಇದರ ಕೊರಡನ್ನೇ ಇಟ್ಟುಕೊಳ್ಳುವಷ್ಟು ಗಟ್ಟಿ.

ಗರಗಸದ ಮಶೀನಿನ ಸದ್ದು ಕೇಳಿ ಓಡಿದೆ. ಅಷ್ಟರಲ್ಲಿ ಅರ್ಧ ಮರ ಮೊಳದುದ್ದದ ತುಂಡಾಗಿತ್ತು. "ಅಣ್ಣಾರ, ಆ ಕವಲೊಂದು ಬಿಡ್ರಿ, ರೊಕ್ಕಾ ಕೊಡ್ತೀನಿ" ಅಂದೆ. "ಸುಡೋ ಕಟ್ಟಿಗಿಗೆ ಯಾಕ್ರಿ ಸರ ಇಷ್ಟ ಬಡದಾಡ್ತೀರಿ, ಕಟ್ಟಿಗಿ ಮಾರೋ ಅಡ್ಡೆಕ್ಕ ಹೊಂಟೈತಿ" ಅಂದರು. ನನ್ನ ಕಣ್ಣೆದುರೇ ಕವಲಿಗೆ ಕೊಡಲಿ ಬಿತ್ತು. ಟ್ರ್ಯಾಕ್ಟರ್ ಹೋಯಿತು.

ಸುಡೋ ಕಟ್ಟಿಗೆ! ನಮ್ಮ ಧಾರವಾಡದ ಕಡೆ ಮಂಚವೂ ಕಟ್ಟಿಗೆಯದು, ಒಲೆಗೆ ಹಾಕುವುದೂ ಕಟ್ಟಿಗೆ. ಮಾತು ಒಂದೇ ಅಂತ ವಸ್ತುವೂ ಒಂದೇ ಆಗುತ್ತದಾ?

ನನ್ನ ಹಿತ್ತಲಿನ ಲೇತ್, ಅಂದರೆ ಮರವನ್ನು ತಿರುಗಿಸುತ್ತಾ ಉಳಿ ಹಿಡಿದು ಕಡೆಯುವ ಮಶೀನು, ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಹಲವರ ಅಡುಗೆಮನೆಯಲ್ಲಿ ನಾನು ಕಡೆದ ಲಟ್ಟಣಿಗೆ ಇದೆ. ಆದರೆ ಒಂದು ಬೋಗುಣಿ ಆಗಲು ಏನೇನು ಬೇಕು ಅಂತ ಯಾವತ್ತೂ ಬರೆದಿಲ್ಲ. ಇವತ್ತು ಬರೆಯುತ್ತೇನೆ.

ಕಡಿದ ದಿನವೇ ತುಂಡಿನ ನಡುವಿನ ತಿರುಳು ತೆಗೆಯಬೇಕು, ಎರಡೂ ತುದಿಗೆ ಮೇಣ ಬಳಿಯಬೇಕು. ಇಲ್ಲದಿದ್ದರೆ ಸೀಳುತ್ತದೆ. ಯಾಕೆಂದರೆ ಮರ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ವರ್ಷದ ಬಳೆಗಳ ಗುಂಟ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಆ ಎಳೆದಾಟದಲ್ಲೇ ಬಿರುಕು ಬಿಡುವುದು. ಆಮೇಲೆ ಹಸಿಯಿದ್ದಾಗಲೇ ಒಂದು ಸಲ ಕಡೆಯಬೇಕು. 10 ಇಂಚಿನ ಬೋಗುಣಿಗೆ ಗೋಡೆ 1 ಇಂಚು ದಪ್ಪ ಬಿಡಬೇಕು. ಹಸಿ ಮರ ಉಳಿಗೆ ಎಷ್ಟು ಚೆಂದ ಒಪ್ಪಿಕೊಳ್ಳುತ್ತದೆ ಅಂದರೆ, ಹೊಟ್ಟು ರಿಬ್ಬನ್ನಿನ ಹಾಗೆ ಸುರುಳಿಯಾಗಿ ಹೆಗಲ ಮೇಲೆ ಬೀಳುತ್ತದೆ, ಮೈಯೆಲ್ಲ ತೇವ. ನಂತರ ತಿಂಗಳುಗಟ್ಟಲೆ ಕಾಯಬೇಕು. ನಾನು ವಾರಕ್ಕೊಮ್ಮೆ ತೂಕ ಮಾಡಿ ಬರೆದಿಡುತ್ತೇನೆ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಲೆಕ್ಕ. ಅಷ್ಟರಲ್ಲಿ ಗುಂಡಗಿದ್ದದ್ದು ಮೊಟ್ಟೆಯಾಕಾರ ಆಗಿರುತ್ತದೆ. ಆ ಒಂದು ಇಂಚು ದಪ್ಪ ಇರುವುದು ಅದಕ್ಕೇ, ಮತ್ತೆ ಲೇತಿಗೇರಿಸಿ ಗುಂಡಗೆ ಮಾಡಲು.

ಕೊನೆಗೆ ಎಣ್ಣೆ. ಶೇಂಗಾ ಎಣ್ಣೆ ಬೇಡವೇ ಬೇಡ, ಅದು ಒಣಗುವುದಿಲ್ಲ, ಅಂಟಂಟಾಗಿ ವಾಸನೆ ಹಿಡಿಯುತ್ತದೆ. ನಮ್ಮ ಎರೆ ಹೊಲದ ಅಗಸಿ, ಕುಸುಬಿ ಎರಡೂ ಗಾಳಿಗೆ ಗಟ್ಟಿಯಾಗುವ ಎಣ್ಣೆಗಳು. ಅದರಲ್ಲೂ ಅಗಸಿ. ಆದರೆ ಗಾಣದ್ದು ತನ್ನಿ. ಪೇಂಟ್ ಅಂಗಡಿಯಲ್ಲಿ ಸಿಗುವುದಕ್ಕೆ ಬೇಗ ಒಣಗಲಿ ಅಂತ ಬಹಳ ಸಲ ಲೋಹದ ಲವಣ ಬೆರೆಸಿರುತ್ತಾರೆ, ಊಟದ ಪಾತ್ರೆಗೆ ಅದು ಸಲ್ಲದು.

ಇಷ್ಟೆಲ್ಲ ಆಗಬಹುದಾಗಿದ್ದದ್ದು ಇವತ್ತು ಅಡ್ಡೆಗೆ ಹೋಯಿತು.

ಮಧ್ಯಾಹ್ನ ಗೆಳೆಯನೊಬ್ಬ ಫೋನ್ ಮಾಡಿ, "ಅದು ಬಡವರ ಹೊಟ್ಟೆಪಾಡಪ್ಪಾ, ಬೇಕರಿ ಒಲಿಯೂ ಉರೀಬೇಕಲ್ಲ" ಅಂದ. ಉರಿಯಲಿ. ಕೊಂಬೆ ರೆಂಬೆ ಎಲ್ಲ ಉರಿಯಲಿ. ನಾನು ಕೇಳಿದ್ದು ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಒಂದೇ ತುಂಡು, ಅದೂ ಅಡ್ಡೆಯ ದರಕ್ಕಿಂತ ಜಾಸ್ತಿ ಕೊಟ್ಟು. ಇದರಲ್ಲಿ ಯಾರ ಹೊಟ್ಟೆಗೆ ಹೊಡೆದ ಹಾಗಾಯಿತು? ಸ್ಟೀಲಿನ ಬೋಗುಣಿ ಅಗ್ಗ ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ನಮ್ಮ ಭಾಷೆಯಲ್ಲಿ ಮಜ್ಜಿಗೆ ಮಾಡುವುದಕ್ಕೂ ಕಡೆಯುವುದು ಅಂತೀವಿ, ಲೇತಿನ ಕೆಲಸಕ್ಕೂ ಅದೇ ಮಾತು. ಕಡಗೋಲು ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ಲಕ್ಕುಂಡಿಗೆ ಹೋಗಿ ಕಾಶಿವಿಶ್ವೇಶ್ವರ ಗುಡಿಯ ಕಂಬ ನೋಡಿ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ 76 ಕಂಬಗಳಿವೆ, ಅವನ್ನೂ ನೋಡಿ. ಬಳಪದ ಕಲ್ಲನ್ನು ತಿರುಗಿಸಿ, ಬಳೆ ಬಳೆಯಾಗಿ ಕಡೆದಿದ್ದಾರೆ, ಹತ್ತಿರ ಹತ್ತಿರ ಸಾವಿರ ವರ್ಷದ ಹಿಂದೆ. ಕಲ್ಲನ್ನೇ ಕಡೆದ ಸೀಮೆಯವರು ನಾವು. ಒಂದು ಮರದ ತುಂಡನ್ನು ಸುಡುವ ಮುನ್ನ ತಿರುಗಿಸಿ ನೋಡುವುದಿಲ್ಲ ಅಂದರೆ ಹೇಗೆ?

ಒಂದು ಮಾತು ಹೇಳಬೇಕು. ಇಲ್ಲಿಯವರೆಗೆ ಮನೆಯವರಿಗೂ ಹೇಳಿಲ್ಲ. 1998ರಲ್ಲಿ ಊರ ಮನೆ ಖಾಲಿ ಮಾಡಿದಾಗ ಅಟ್ಟದ ಮೇಲೆ ಒಂದು ಕಲಘಟಗಿ ತೊಟ್ಟಿಲಿತ್ತು. ಸಾಗವಾನಿಯದು, ಕಡೆದ ಗುಂಡುಗಳು, ಅರಗಿನ ಬಣ್ಣ. ನಾನು, ಅಪ್ಪ, ಅತ್ತೆಯರು ಎಲ್ಲ ಮಲಗಿದ ತೊಟ್ಟಿಲು. ಒಂದು ಕಾಲು ಮುರಿದಿತ್ತು. ನಾನೇ ಅದನ್ನು ಒಡೆದು ಹಂಡೆಯ ಒಲೆಗೆ ಹಾಕಿದೆ. ಹಸಿರು, ಕೆಂಪು ಅರಗು ಕುದಿದು ಗುಳ್ಳೆಯೆದ್ದು ಇಳಿಯಿತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಆ ನೀರಿನಲ್ಲಿ ಸ್ನಾನ ಮಾಡಿ ನಾನು ಬಸ್ ಹತ್ತಿದೆ. ಲೇತಿನ ಮುಂದೆ ನಿಂತಾಗಲೆಲ್ಲ ಆ ಅರಗಿನ ವಾಸನೆ ನೆನಪಾಗುತ್ತದೆ.

ಹುಬ್ಬಳ್ಳಿ, ಧಾರವಾಡದ ಗೆಳೆಯರೇ, ನಿಮ್ಮ ಓಣಿಯಲ್ಲಿ ಮರ ಬಿದ್ದರೆ ಕೊಡಲಿ ಬೀಳುವ ಮುನ್ನ ನನಗೊಂದು ಫೋನ್ ಮಾಡಿ. ಬೇವು, ಮಾವು, ಜಾಲಿ, ಯಾವುದಾದರೂ ಸರಿ. ರೊಕ್ಕ ಕೊಟ್ಟೇ ಒಯ್ಯುತ್ತೇನೆ.

ಸಂಜೆ ತಡೆಯಲಾಗದೆ ಅಡ್ಡೆಗೆ ಹೋಗಿ ರಾಶಿ ಕೆದಕಿದೆ. ಕವಲಿನ ಒಂದು ಹೋಳು ಸಿಕ್ಕಿತು. ಬೋಗುಣಿಗೆ ಸಾಲದು, ಒಂದು ಕಡಗೋಲಿನ ತಲೆಗೆ ಸಾಕು. ತುದಿಗೆ ಮೇಣ ಬಳಿದು, ತೂಕ ಮಾಡಿ, ಸೀಮೆಸುಣ್ಣದಲ್ಲಿ ಅದರ ಮೇಲೇ ಬರೆದಿಟ್ಟಿದ್ದೇನೆ: ಹುಣಸೆ, 3 ಕೆಜಿ 400 ಗ್ರಾಂ.