ಬೆಟ್ಟದ ಮೇಲೆ ಊರು, ಬುಡದಲ್ಲಿ ಸ್ಟೇಷನ್ನು

ತಪ್ಪು ನಂದೇ, ಮೊದಲೇ ಒಪ್ಕೊಂಡ್ಬಿಡ್ತೀನಿ. ಅಪ್ಪ ಅಮ್ಮ ಮೈಸೂರಿಂದ ಬಂದಿದ್ರು, ಫ್ರಾನ್ಸಿನ ನೀಸ್‌ನಲ್ಲಿ ಮೂರು ದಿನ ಇದ್ವಿ, ಹತ್ರದಲ್ಲೇ ಬೆಟ್ಟದ ತುದೀಲಿ ಎಜ್ ಅಂತ ಮಧ್ಯಯುಗದ ಊರಿದೆ, ಟ್ರೈನಲ್ಲಿ ಕಾಲು ಗಂಟೆ ಅಷ್ಟೇ ಅಂತ ಜಂಬದಿಂದ ಕರ್ಕೊಂಡ್ ಹೋದೆ. ಇಳಿದು ನೋಡಿದ್ರೆ ಒಂದ್ ಕಡೆ ಸಮುದ್ರ, ಇನ್ನೊಂದ್ ಕಡೆ ಬಂಡೆ, ಊರೇ ಇಲ್ಲ! ಸ್ಟೇಷನ್ ಹೆಸರೇ ಎಜ್-ಸುರ್-ಮೆರ್, ಅಂದ್ರೆ ಸಮುದ್ರದ ದಡದ ಎಜ್. ಅದನ್ನ ನಾಲ್ಕು ಸಲ ಓದಿದ್ದೆ, ತಲೆಗೆ ಹೋಗಿದ್ರೆ ಕೇಳಿ. ನಾವು ನೋಡೋಕೆ ಬಂದಿದ್ದ ಊರು 400 ಮೀಟರ್‌ಗೂ ಮೇಲಿದೆ.

"ಸಾವಿರ ಮೆಟ್ಲು ಚಾಮುಂಡಿ ಬೆಟ್ಟ ಹತ್ತಿದೋನು ನಾನು, ನಡಿಯೋ" ಅಂದ್ರು ಅಪ್ಪ. ಅದು 1985ರ ಮಾತು ಅಂತ ಅಮ್ಮ ಹಿಂದಿಂದ ಗೊಣಗಿದ್ಲು. ಕಲ್ಲುಕಲ್ಲು ದಾರಿ, ನೆರಳು ಅಲ್ಲೊಂದು ಇಲ್ಲೊಂದು. ಹುರುಪು ತುಂಬೋಣ ಅಂತ ನಾನು, ಇದಕ್ಕೆ ನೀತ್ಸೆ ದಾರಿ ಅಂತಾನೇ ಹೆಸರು, ಆ ಜರ್ಮನ್ ತತ್ವಜ್ಞಾನಿ 1880ರ ದಶಕದಲ್ಲಿ ಇಲ್ಲೇ ಹತ್ತುತ್ತಾ ಹತ್ತುತ್ತಾ ಪುಸ್ತಕದ ಒಂದು ಭಾಗ ಯೋಚನೆ ಮಾಡಿದ್ನಂತೆ ಅಂದೆ.

"ಮನೇಲಿ ಹೆಂಡ್ತಿ ಇರ್ಲಿಲ್ವೇನೋ ಪಾಪ" ಅಂದ್ಲು ಅಮ್ಮ. (ನಿಜವಾಗ್ಲೂ ಇರ್ಲಿಲ್ಲ, ಬ್ರಹ್ಮಚಾರಿ.)

ಅರ್ಧ ದಾರೀಲಿ ಅಮ್ಮನ ಚಪ್ಪಲಿ ಬಾರು ಕಿತ್ತೋಯ್ತು. ನಾನು ಫೋನ್ ತೆಗೆದು ಮೇಲೆ ಚಪ್ಪಲಿ ಅಂಗಡಿ ಇದ್ಯಾ ಅಂತ ಹುಡುಕ್ತಾ ನಿಂತ್ರೆ, ಅವಳು ಬಳೆಗೆ ಸಿಕ್ಕಿಸ್ಕೊಂಡಿದ್ದ ನಾಲ್ಕು ಪಿನ್ನಲ್ಲಿ ದೊಡ್ಡದೊಂದು ತೆಗ್ದು, ಹಲ್ಲಲ್ಲಿ ಬಗ್ಗಿಸಿ, ಬಾರಿಗೆ ಚುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನನಗಿಂತ ಮುಂದೆ ಹೊರಟೇಬಿಟ್ಲು.

ಮೇಲೆ ಊರು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಕೈ ಚಾಚಿದ್ರೆ ಎರಡೂ ಗೋಡೆ ತಾಗುತ್ತೇನೋ ಅನ್ನೋ ಗಲ್ಲಿಗಳು. ತುತ್ತತುದೀಲಿ ಇದ್ದ ಕೋಟೇನ 1706ರಲ್ಲಿ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ಒಡೆಸಿಹಾಕಿದ್ದ, ಈಗ ಆ ಪಾಳು ಗೋಡೆ ಸುತ್ತ ತೋಟ ಮಾಡಿದಾರೆ. ಮೂರು ಟಿಕೆಟ್ ತಗೊಂಡು, ಏದುಸಿರು ಬಿಡ್ತಾ ಒಳಗೆ ಹೋದ್ವಿ.

ಅಮ್ಮ ಸುತ್ತ ನೋಡಿದ್ಲು. "ಇದು ಪಾಪಾಸುಕಳ್ಳಿ ಅಲ್ವೇನೋ?"

ಹೌದು. ಪಕ್ಕದಲ್ಲಿ ಕತ್ತಾಳೆ. ಅದರ ಪಕ್ಕ ಇನ್ನೊಂದು ಜಾತಿ ಕಳ್ಳಿ. ನಮ್ಮಜ್ಜಿ ಊರಲ್ಲಿ ದನ ನುಗ್ಗದೇ ಇರ್ಲಿ ಅಂತ ಬೇಲಿಗೆ ಹಾಕೋದನ್ನೆಲ್ಲ ಇಲ್ಲಿ ಹೆಸರಿನ ಫಲಕ ನೆಟ್ಟು ಸಾಕಿದಾರೆ. ಅಪ್ಪ ಕೆಳಗಿನ ನೀಲಿ ಸಮುದ್ರ ನೋಡ್ಲೇ ಇಲ್ಲ, ಟಿಕೆಟ್ಟಿನ ಯೂರೋನ ರೂಪಾಯಿಗೆ ಗುಣಿಸ್ತಾ ಕಲ್ಲಿನ ಮೇಲೆ ಕೂತ್ಬಿಟ್ರು.

ವಾಪಸ್ ಬರೋಕೆ ನೋಡಿದ್ರೆ ಊರಿನ ಬಾಗಿಲ ಹತ್ರಾನೇ ಬಸ್ಸು, ನೇರ ನೀಸ್‌ಗೆ. ಅಂದ್ರೆ ಬರುವಾಗ್ಲೂ ಅದರಲ್ಲೇ ಬರಬಹುದಿತ್ತು. ಅಪ್ಪ ಬಸ್ಸಿನ ಬೋರ್ಡ್ ನೋಡಿದ್ರು, ಆಮೇಲೆ ನನ್ನ ನೋಡಿದ್ರು, ಮಾತಾಡ್ಲಿಲ್ಲ. ಅಮ್ಮ ಸೀಟಲ್ಲಿ ಕೂತು ಚಪ್ಪಲಿಯಿಂದ ಪಿನ್ ಬಿಚ್ಚೋಕೆ ಹೋದವಳು ಕೈ ತಡೆದು ಕೇಳಿದ್ಲು,

"ನಾಳೆ ಎಲ್ಲಿಗಪ್ಪಾ? ಇಲ್ಲಾ, ಪಿನ್ ತೆಗೀದೆ ಹಾಗೇ ಇಟ್ಕೊಳ್ಳಾ ಅಂತ."