ನದಿಗೆ ಜಾಗ ಬಿಟ್ಟವರು

2023ರ ಮಾರ್ಚ್‌ನಲ್ಲಿ ನಮ್ಮೂರ ಮತಗಟ್ಟೆಯಲ್ಲಿ ಪಕ್ಕದ ಮನೆಯವರಿಗೆ ಎರಡು ಮತಪತ್ರ ಸಿಕ್ಕವು, ನನಗೆ ಒಂದೇ. ಪ್ರಾಂತ್ಯದ ಚುನಾವಣೆಗೆ ಡಚ್ ಪೌರತ್ವ ಬೇಕು. ಪ್ರವಾಹ ತಡೆ, ಕಾಲುವೆ ಎಲ್ಲ ನೋಡಿಕೊಳ್ಳುವ ನೀರಿನ ಮಂಡಳಿಯ ಚುನಾವಣೆಗೆ ಬೇಡ, ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದರೆ ಸಾಕು. ಚಾಪೆಯಷ್ಟು ದೊಡ್ಡ ಹಾಳೆ ಬಿಡಿಸಿ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದೆ. ನೀರಿಗೇ ಒಂದು ಚುನಾವಣೆ! ಅದಕ್ಕೇ ಬೇರೆ ತೆರಿಗೆಯೂ ಇದೆ ಅನ್ನಿ.

ನಾನಿರುವುದು ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ, ವಾಲ್ ನದಿಯ ದಡದಲ್ಲಿ. 1995ರಲ್ಲಿ ಈ ಕಡೆಯ ನದಿಗಳು ತುಂಬಿ, ದಡದ ಏರಿ ಒಡೆಯುವ ಭಯಕ್ಕೆ ಸುಮಾರು 2.5 ಲಕ್ಷ ಜನ ಮನೆ ಬಿಟ್ಟರು. ಅಲ್ಲಿಯವರೆಗೆ ನೀರು ಏರಿದಂತೆಲ್ಲ ಏರಿಯನ್ನೂ ಎತ್ತರಿಸುತ್ತಿದ್ದರು. ಆಮೇಲೆ ನದಿಗೇ ಜಾಗ ಬಿಡೋಣ ಎಂದರು. ಎದುರು ದಡದ ಲೆಂಟ್‌ನಲ್ಲಿ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ಸುಮಾರು 50 ಮನೆಗಳು ಹೋದವು.

ಎಷ್ಟು ನೀರು ಬರುತ್ತದೆ ಅಂತ ಎಂಜಿನಿಯರ್ ಹೇಳಬಲ್ಲ. ಯಾರ ಮನೆ ಹೋಗಬೇಕು ಅಂತ ಅವನ ಲೆಕ್ಕ ಹೇಳುವುದಿಲ್ಲ. ಹವಾಮಾನ ಕೆಡುತ್ತಿರುವಾಗ ಸಮಾಜ ವಿಜ್ಞಾನಕ್ಕೆ ನಿಜವಾದ ಕೆಲಸ ಇರುವುದು ಇಲ್ಲೇ. ಇದೇ ದೇಶದ ಓವರ್‌ಡೀಪ್ಸೆ ಎಂಬ ತಗ್ಗು ಪ್ರದೇಶವನ್ನೂ ನದಿಗೆ ಬಿಡಬೇಕಾಗಿ ಬಂದಾಗ ಅಲ್ಲಿನ ರೈತರೇ ದಾರಿ ಹುಡುಕಿದರು: ಹೊಲ ಮುಳುಗಲಿ, ಮನೆ ಕೊಟ್ಟಿಗೆಗೆ ದಿಬ್ಬ ಕಟ್ಟಿಕೊಡಿ ಎಂದರು. ಎಲ್ಲರಿಗೂ ಅಲ್ಲಿ ಉಳಿಯಲು ಆಗಲಿಲ್ಲ. ಆದರೆ ಯೋಜನೆ ಅವರ ಬಾಯಿಂದಲೇ ಬಂತು.

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? ಕೋಲಾರದ ಕಡೆ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುತ್ತಿದ್ದ, ಸುಗ್ಗಿಯಲ್ಲಿ ಕಾಳಿನ ಪಾಲು ಪಡೆಯುತ್ತಿದ್ದ. ಹಳೆಯದೆಲ್ಲ ಚೆನ್ನ ಅಂತ ಸುಮ್ನೆ ಹೊಗಳಲಾರೆ. ತೂಬಿನ ಕೆಲಸ ಹೆಚ್ಚಾಗಿ ದಲಿತರದ್ದು, ಮಾತು ನಡೆಯುತ್ತಿದ್ದದ್ದು ಜಮೀನು ಜಾಸ್ತಿ ಇದ್ದವರದ್ದು.

ಬೆಂಗಳೂರಿನಲ್ಲಂತೂ ಧರ್ಮಾಂಬುಧಿ ಕೆರೆ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಸ್ಟೇಡಿಯಂ ಆಯಿತು. 2022ರ ಸೆಪ್ಟೆಂಬರ್‌ನಲ್ಲಿ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದಾಗ ನಮ್ಮ ಮಾವನ ಮನೆಯಲ್ಲೂ ಮೊಣಕಾಲುದ್ದ ನೀರು. ರಾಜಕಾಲುವೆಗೆ ಜಾಗ ಬಿಡಲೇಬೇಕು ಕಣಯ್ಯ ಅಂತ ಫೋನಿನಲ್ಲಿ ಈಗಲೂ ಹೇಳುತ್ತಾರೆ. ಯಾರ ಸೈಟು ಬಿಡೋದು ಮಾವ ಅಂದರೆ, ಅಲ್ಲಿ ಚಳಿ ಹೇಗಿದೆ ಅಂತ ಕೇಳುತ್ತಾರೆ.